ಬರದಿರಲಿ ಎಂದು ನುಂಗುವ ಮಾತ್ರೆ

ಅವಳಿಗೆ ಕತ್ತರಿ ಎಂಬ ಹೆಸರು ಬಿದ್ದದ್ದು ಕಸುಬಿನಿಂದಲೋ ನಾಲಿಗೆಯಿಂದಲೋ ಎಂಬ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯವಿತ್ತು. ಹೆಂಗಸರ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವುದು ಅವಳ ಕೆಲಸ. ಒಮ್ಮೆ ಮದುವೆಯಾಗಿ, ಗಂಡನ ಮುಖಕ್ಕೆ ಬಾಗಿಲು ಹಾಕಿ, ವಿಚ್ಛೇದನ ಪಡೆದು ಬಂದವಳು. ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ವಾಸ. ಆ ಕೋಣೆಯನ್ನು ಅಪ್ಪ ಕಣ್ಣುಮುಚ್ಚುವ ಮೊದಲೇ ಅವಳ ಹೆಸರಿಗೆ ಬರೆದಿಟ್ಟಿದ್ದರಿಂದ ಅಣ್ಣನಿಗೆ ಅವಳನ್ನು ಹೊರಹಾಕಲು ಬರುತ್ತಿರಲಿಲ್ಲ. ಅತ್ತಿಗೆಗೆ ಅವಳನ್ನು ಸಹಿಸಲು ಬರುತ್ತಿರಲಿಲ್ಲ. ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿಯ ನಂಟು. ಒಂದೇ ನಲ್ಲಿಯ ನೀರಿಗೆ ಬೆಳಗಾದರೆ ಜಗಳ.

ಪಾರ್ಲರ್ ಇದ್ದ ಕಟ್ಟಡದ ಲಿಫ್ಟು ಅಳುಬುರುಕ ಮಗುವಿನ ಹಾಗೆ ಆಗಾಗ ಹಟ ಹಿಡಿದು ನಿಲ್ಲುತ್ತಿತ್ತು. ಅದನ್ನು ರಿಪೇರಿ ಮಾಡಲು ಬರುತ್ತಿದ್ದ ಮೆಕ್ಯಾನಿಕ್ ಮಾತು ಕಮ್ಮಿಯ ಮನುಷ್ಯ. ಮಾತು ಕಮ್ಮಿಯವನಿಗೂ ಮಾತು ಜಾಸ್ತಿಯವಳಿಗೂ ಹೇಗೆ ಜೋಡಿ ಬಿತ್ತೋ, ಕಟ್ಟಡದ ತುದಿಯಲ್ಲಿ ಲಿಫ್ಟಿನ ಮೋಟಾರು ಇಟ್ಟಿದ್ದ ಕೋಣೆಯ ಹೊರಗೆ ಇಬ್ಬರೂ ಕೂತು ಕಾಫಿ ಕುಡಿಯುವುದು ರೂಢಿಯಾಯಿತು. ವಿಷಯ ಮದುವೆಯ ತನಕ ಬಂತು. ಆ ಮಧ್ಯಾಹ್ನ ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ, ಅವಳ ಮುಖ ನೋಡದೆ ಹೇಳಿದ.

"ನಂಗೆ ಎಚ್‌ಐವಿ ಇದೆ. ಹೋದ ತಿಂಗಳು ಗೊತ್ತಾಯ್ತು. ಔಷಧಿ ಶುರು ಮಾಡಿದೀನಿ. ನೀನು ಎದ್ದು ಹೋದ್ರೂ ನಾನೇನೂ ಅಂದ್ಕೊಳ್ಳಲ್ಲ."

ಅವಳು ಎದ್ದೇಬಿಟ್ಟಳು. "ತಿಂಗಳಿಂದ ಗೊತ್ತಿದ್ದು ನನ್ನ ಪಕ್ಕ ಕೂತು ಕಾಫಿ ಹೀರ್ತಿದ್ಯಾ?"

"ಕಾಫಿಯಿಂದ ಬರಲ್ಲ."

"ಅದು ನಂಗೂ ಗೊತ್ತು!" ಎಂದು ಕಿರುಚಿದಳು. ನಿಜ ಹೇಳಬೇಕೆಂದರೆ ಅವಳಿಗೆ ಅಷ್ಟು ಖಾತ್ರಿಯಾಗಿ ಗೊತ್ತಿರಲಿಲ್ಲ. ದಡದಡನೆ ಮೆಟ್ಟಿಲಿಳಿದು ಹೋದವಳು ವಾರವಿಡೀ ಅವನತ್ತ ತಿರುಗಿ ನೋಡಲಿಲ್ಲ. ಗಿರಾಕಿಗಳ ಕೂದಲನ್ನು ಕೇಳಿದ್ದಕ್ಕಿಂತ ಗಿಡ್ಡ ಕತ್ತರಿಸಿದಳು. ಆಮೇಲೆ ಒಂದು ದಿನ ತಾನೇ ಮೇಲೆ ಹತ್ತಿ ಹೋಗಿ, ಮೋಟಾರಿನ ಸದ್ದಿನ ಮೇಲೆ ಕೂಗಿ ಕೇಳಿದಳು: "ಹೇಳದೇ ಇದ್ದಿದ್ರೆ ಏನಾಗ್ತಿತ್ತು?"

"ನಿನಗೆ ಮೋಸ ಮಾಡಿದ ಹಾಗಾಗ್ತಿತ್ತು."

"ಅದಲ್ಲ. ನಿನ್ನ ಕತ್ತು ಕತ್ತರಿಸ್ತಿದ್ದೆ. ಈಗ ಉಳಿದಿದೀಯ. ಮುಂದೇನು, ಹೇಳು."

ಮುಂದಿನದನ್ನು ಅವನು ತನಗೆ ತಿಳಿದಷ್ಟು ಹೇಳಿದ. ಔಷಧಿಯನ್ನು ತಪ್ಪದೆ ತಗೊಂಡರೆ ರಕ್ತದಲ್ಲಿರುವ ವೈರಸ್ಸು ಪರೀಕ್ಷೆಗೂ ಸಿಗದಷ್ಟು ಅಡಗುತ್ತದಂತೆ. ಹಾಗೆ ಅಡಗಿಯೇ ಇದ್ದರೆ ಕೂಡಿ ಬಾಳುವವರಿಗೆ ಅದು ದಾಟುವುದಿಲ್ಲವಂತೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯ ತನಕ ಕಾಯಿಲೆ ಇಲ್ಲದವರು ಬಾರದಿರಲೆಂದು ನುಂಗುವ ಮಾತ್ರೆಯೂ ಒಂದಿದೆಯಂತೆ.

"ಇಲ್ಲದವರಿಗೂ ಮಾತ್ರೆನಾ?" ಎಂದು ಅವಳು ಹುಬ್ಬು ಗಂಟಿಕ್ಕಿದಳು.

ಮೊದಲು ಹೋದದ್ದು ಬೀದಿಯ ಡಾಕ್ಟರ ಹತ್ತಿರ. ಮನೆಮಂದಿಯ ಜ್ವರ, ಕೆಮ್ಮು ಎಲ್ಲವನ್ನೂ ನೋಡುತ್ತಿದ್ದ ಮುದುಕ. ಅವಳು ವಿಷಯ ಹೇಳುತ್ತಿದ್ದಂತೆ ಆತ ಪೆನ್ನನ್ನು ಕೆಳಗಿಟ್ಟ.

"ಯಾರಿಗೆ ಇದು?"

"ನನಗೆ."

"ಗಂಡ ಬಿಟ್ಟವಳಿಗೆ ಇದ್ಯಾಕೆ ಬೇಕು? ಇದು ಮರ್ಯಾದಸ್ಥರು ಕೇಳೋ ಔಷಧಿ ಅಲ್ಲಮ್ಮ. ಮನಸ್ಸನ್ನ ಹತೋಟೀಲಿ ಇಟ್ಕೋ, ಅದೇ ಮದ್ದು."

"ಸಕ್ಕರೆ ಕಾಯಿಲೆಯವರಿಗೂ ಹಿಂಗೇ ಹೇಳ್ತೀರಾ ಡಾಕ್ಟ್ರೆ, ನಾಲಿಗೆ ಹತೋಟೀಲಿ ಇಟ್ಕೋ ಅಂತ?"

"ಹೇಳ್ತೀನಿ. ನಿನಗಂತೂ ಖಂಡಿತ ಹೇಳ್ತೀನಿ. ಹೊರಡು."

ಆಮೇಲೆ ದೊಡ್ಡಾಸ್ಪತ್ರೆ. ಉದ್ದನೆಯ ಹಜಾರದ ಕೊನೆಯಲ್ಲಿ, ಮುರಿದ ಕುರ್ಚಿಗಳನ್ನು ಒಟ್ಟಿದ್ದ ಮೂಲೆಯನ್ನು ದಾಟಿದರೆ ಎಚ್‌ಐವಿ ವಿಭಾಗ. ಅಲ್ಲಿನ ಡಾಕ್ಟರಮ್ಮನದು ಸದಾ ಹರಳೆಣ್ಣೆ ಕುಡಿದಂಥ ಮುಖ. ಬಾ ಎನ್ನಲಿಲ್ಲ, ಕೂತ್ಕೋ ಎನ್ನಲಿಲ್ಲ. ಆದರೆ ಗಂಡ ಯಾರು, ಬಿಟ್ಟದ್ದೇಕೆ ಎಂದೂ ಕೇಳಲಿಲ್ಲ.

"ಜೊತೆಗಾರನಿಗೆ ಇದೆಯಾ? ಔಷಧಿ ತಗೊಳ್ತಿದ್ದಾನಾ? ಸರಿ. ಮೊದಲು ನಿಮ್ಮ ರಕ್ತ ಪರೀಕ್ಷೆ. ನಿಮಗೇ ಇದ್ರೆ ಈ ಮಾತ್ರೆ ಕೊಡೋ ಹಾಗಿಲ್ಲ, ಬೇರೆ ಚಿಕಿತ್ಸೆ ಆಗುತ್ತೆ. ಮೂತ್ರಪಿಂಡ ಹೇಗಿದೆ, ಲಿವರಿಗೆ ಸೋಂಕು ಇದೆಯಾ, ಅದನ್ನೂ ನೋಡ್ಬೇಕು."

"ಅದನ್ನೆಲ್ಲ ಯಾಕೆ?"

"ಮಾತ್ರೆ ಮೂತ್ರಪಿಂಡದ ಮೂಲಕ ಹೋಗುತ್ತೆ, ಅದಕ್ಕೆ. ಯಾಕೆ ಅಂತ ಕೇಳಿದ್ದು ಒಳ್ಳೇದಾಯ್ತು, ಉಳಿದವರು ಕೇಳೋದೇ ಇಲ್ಲ, ಆಮೇಲೆ ಬಂದು ನನ್ನ ತಲೆ ತಿಂತಾರೆ." ಇದನ್ನೂ ಆಕೆ ಬಯ್ಯುವ ದನಿಯಲ್ಲೇ ಹೇಳಿದಳು. "ದಿನಕ್ಕೊಂದು. ತಪ್ಪಿಸೋ ಹಾಗಿಲ್ಲ. ನುಂಗಿದ ದಿನವೇ ಕಾಪಾಡುತ್ತೆ ಅಂದ್ಕೋಬೇಡಿ, ಮೈಗೆ ಹತ್ತೋಕೆ ಸ್ವಲ್ಪ ದಿನ ಬೇಕು, ಅಲ್ಲಿವರೆಗೆ ಕಾಂಡೋಮ್ ಬಿಡಬೇಡಿ. ಮೊದಮೊದಲು ಹೊಟ್ಟೆ ತೊಳಸಬಹುದು. ಇದು ಗರ್ಭ ತಡೆಯೋ ಮಾತ್ರೆ ಅಲ್ಲ, ಬೇರೆ ಗುಪ್ತರೋಗಗಳನ್ನೂ ತಡೆಯಲ್ಲ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕು. ಅರ್ಥ ಆಯ್ತಾ, ಇನ್ನೊಂದ್ಸಲ ಹೇಳ್ಬೇಕಾ?"

"ಇನ್ನೊಂದ್ಸಲ ಹೇಳಿ," ಎಂದಳು ಕತ್ತರಿ, ಹಟದಿಂದ.

ಡಾಕ್ಟರಮ್ಮ ಅಕ್ಷರ ಬಿಡದೆ ಮತ್ತೊಮ್ಮೆ ಹೇಳಿದಳು. ಅಂದಿನಿಂದ ಆಕೆಯ ಸಿಡುಕು ಮುಖದ ಮೇಲೆ ಕತ್ತರಿಗೆ ಒಂದು ಬಗೆಯ ನಂಬಿಕೆ ಹುಟ್ಟಿತು.

ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಿತ್ತು. ಆದರೆ ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿತ್ತು. ಸದ್ಯಕ್ಕೆ ಹೊರಗೆ ಕೊಂಡುಕೊಳ್ಳಿ ಎಂದು ಚೀಟಿ ಕೊಟ್ಟರು. ನಾಲ್ಕಾರು ಕಡೆ ಅಲೆದು ಇಲ್ಲ ಅನ್ನಿಸಿಕೊಂಡು, ಕೊನೆಗೆ ಅವಳು ತಮ್ಮ ಬೀದಿಯ ಮೆಡಿಕಲ್ ಶಾಪಿಗೇ ಹೋದಳು. ಅಲ್ಲೇ ಅವಳು ಎಡವಿದ್ದು. ಆ ಅಂಗಡಿಯವನು ಅಣ್ಣನ ಇಸ್ಪೀಟಿನ ಗೆಳೆಯ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಅವಳನ್ನು ನೋಡಿದ, ಅವಳ ಹಿಂದೆ ನಿಂತಿದ್ದ ಸಾಲನ್ನು ನೋಡಿದ.

"ಇದು ಏಡ್ಸ್‌ದು ಅಲ್ವೇನಮ್ಮ?" ಬೀದಿಯ ಆಚೆ ತುದಿಗೂ ಕೇಳುವಂಥ ಗಂಟಲು. "ಯಾರಿಗೆ, ನಿನಗಾ?"

ಹಿಂದೆ ನಿಂತಿದ್ದ ಹೆಂಗಸು ತನ್ನ ಮಗುವನ್ನು ಎಳೆದುಕೊಂಡು ಎರಡು ಹೆಜ್ಜೆ ಸರಿದಳು.

"ಬಂದವರಿಗಲ್ಲ, ಬರದೇ ಇರೋಕೆ ಇದು. ಓದೋಕೆ ಬರುತ್ತಲ್ಲ, ಓದಿ. ಇದ್ದರೆ ಕೊಡಿ, ಇಲ್ಲದಿದ್ರೆ ಬಾಯಿ ಮುಚ್ಕೊಂಡು ಚೀಟಿ ವಾಪಸ್ ಕೊಡಿ."

"ಬರೋ ಕೆಲಸ ಮಾಡದಿದ್ರೆ ಬರದೇ ಇರೋಕೆ ಮಾತ್ರೆ ಯಾಕೆ?" ಎಂದು ಅವನು ಸಾಲಿನತ್ತ ನೋಡಿ ನಕ್ಕ. ಸಾಲೂ ನಕ್ಕಿತು. ಅವಳ ಕಿವಿ ಕಾದ ಕಬ್ಬಿಣವಾಯಿತು. ಚೀಟಿಯನ್ನು ಕಿತ್ತುಕೊಂಡು ಬಂದಳು. ಪೇಟೆಯ ಇನ್ನೊಂದು ತುದಿಯ ಅಂಗಡಿಯಲ್ಲಿ ಮಾತ್ರೆ ಸಿಕ್ಕಿತು. ಆದರೆ ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು.

ಅಣ್ಣ ಪಂಪುಸೆಟ್ಟು ಮಾರುವ ಕಂಪನಿಯ ಏಜೆಂಟ್. ಅರ್ಧ ತಿಂಗಳು ಊರೂರು ಸುತ್ತಾಟ, ಉಳಿದರ್ಧ ಮನೆಯಲ್ಲಿ ಯಜಮಾನಿಕೆ. ಮೆಟ್ಟಿಲ ಬುಡದಲ್ಲೇ ನಿಂತಿದ್ದ.

"ಮನೆತನದ ಮಾನ ಹರಾಜು ಹಾಕಿ ಬಂದ್ಯಾ?"

"ಹರಾಜು ಹಾಕಿದ್ದು ನಿನ್ನ ದೋಸ್ತ್, ನಾನಲ್ಲ. ನನಗೆ ಏನೂ ಇಲ್ಲ. ಮದುವೆ ಆಗೋನಿಗೆ ಇದೆ. ನನಗೆ ದಾಟದಿರಲಿ ಅಂತ ಮಾತ್ರೆ. ಇಷ್ಟೇ ವಿಷಯ."

ಇಷ್ಟೇ ವಿಷಯ ಅಣ್ಣನ ತಲೆಗೆ ಹೋಗಲಿಲ್ಲ. ಅವಳ ಕೈಚೀಲ ಕಿತ್ತು, ಡಬ್ಬಿಯ ಮುಚ್ಚಳ ತೆಗೆದು, ಅಷ್ಟೂ ಮಾತ್ರೆಯನ್ನು ಚರಂಡಿಗೆ ಸುರಿದ. ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗನ್ನು ಮೂಗಿಗೆ ಹಿಡಿದು, "ನಲ್ಲಿ ಮುಟ್ಟಬೇಡ ಇನ್ನು. ನಿನ್ನ ಬಕೆಟ್ಟು, ನಿನ್ನ ಲೋಟ ಎಲ್ಲ ಮೇಲೇ ಇರಲಿ," ಎಂದಳು. "ಥೂ" ಎಂದೂ ಸೇರಿಸಿದಳು.

ಕತ್ತರಿ ಅಂದು ಅಳಲಿಲ್ಲ. ಮರುದಿನ ಆಸ್ಪತ್ರೆಗೆ ಹೋಗಿ, "ಚರಂಡಿಗೆ ಹೋಯ್ತು," ಎಂದಳು. ಡಾಕ್ಟರಮ್ಮ ತಲೆಯೆತ್ತದೆ, "ಚರಂಡಿಗೆ ಎಚ್‌ಐವಿ ಬರಲ್ಲ ಬಿಡಿ," ಎಂದು ಇನ್ನೊಂದು ಚೀಟಿ ಬರೆದಳು. ಹಜಾರ ದಾಟಿ ಬರುವಾಗ ಮುರಿದ ಕುರ್ಚಿಗಳ ಮೂಲೆಯಲ್ಲಿ ನಿಂತು ಅವಳು ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ನೋಡಿಕೊಂಡರೆ ಕೆನ್ನೆ ಒದ್ದೆಯಾಗಿತ್ತು.

ಪಾರ್ಲರಿನ ಯಜಮಾನಿ ವಾರ ಕಳೆಯುವುದರೊಳಗೆ ಕರೆದು ಕೂರಿಸಿದಳು. ದನಿಗೆ ಜೇನು ಸವರಿಕೊಂಡಿದ್ದಳು. "ನಂಗೇನೂ ಇಲ್ಲಪ್ಪ, ಗಿರಾಕಿಗಳು ಕೇಳ್ತಾರೆ. ನಿನ್ನ ಕೈಯಲ್ಲಿ ಬ್ಲೇಡು ಇರುತ್ತೆ, ಕತ್ತರಿ ಇರುತ್ತೆ."

"ನನಗೆ ಕಾಯಿಲೆ ಇಲ್ಲ ಅಂತ ಆಸ್ಪತ್ರೆಯವರೇ ಹೇಳಿದಾರೆ. ನಿಮಗೆ ಇಲ್ಲ ಅಂತ ಯಾರು ಹೇಳಿದಾರೆ? ಯಾವತ್ತಾದ್ರೂ ಪರೀಕ್ಷೆ ಮಾಡಿಸಿದೀರಾ?"

ಜೇನು ಅಳಿಸಿ ಹೋಯಿತು. ಕೆಲಸವೂ ಹೋಯಿತು. ತನ್ನ ಕತ್ತರಿ, ಬಾಚಣಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು, ಮಹಡಿ ಕೋಣೆಯಲ್ಲೇ ಒಂದು ಕನ್ನಡಿ ತೂಗುಹಾಕಿ, ಒಂದು ಕುರ್ಚಿ ಇಟ್ಟಳು. ಹಳೆಯ ಗಿರಾಕಿಗಳಲ್ಲಿ ಬೆರಳೆಣಿಕೆಯಷ್ಟು ಜನ ಬಂದರು. ಅವರಲ್ಲಿ ಕೆಲವರಿಗೆ ಅವಳ ಮೇಲೆ ವಿಶ್ವಾಸ, ಕೆಲವರ ಕೂದಲು ಅವಳ ಕೈಗೆ ಮಾತ್ರ ಒಗ್ಗುತ್ತಿತ್ತು, ಅಷ್ಟೇ. ಮೆಕ್ಯಾನಿಕ್ಕು ಮಾತ್ರ ಕುಗ್ಗಿಹೋದ. "ನಾನು ಹೇಳದೇ ದೂರ ಹೋಗಿದ್ರೆ ನಿನ್ನ ಕೆಲಸ ಉಳೀತಿತ್ತು," ಎಂದು ಒಂದೇ ಮಾತನ್ನು ಹೊರಳಿಸಿ ಹೊರಳಿಸಿ ಹೇಳಿದಾಗ ಅವಳಿಗೆ ರೇಗಿತು.

"ಊರಿನವರು ಮಾಡೋ ಕೆಲಸಾನ ನೀನೂ ಮಾಡ್ಬೇಡ. ನಿನ್ನ ಮಾತ್ರೆ ನೀನು ನುಂಗು, ನನ್ನದು ನಾನು ನುಂಗ್ತೀನಿ. ಪಶ್ಚಾತ್ತಾಪ ಯಾರೂ ನುಂಗೋದು ಬೇಡ."

ಒಂದು ದಿನ ಮಧ್ಯಾಹ್ನ, ಅಣ್ಣ ಊರಲ್ಲಿಲ್ಲದ ಹೊತ್ತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಗಿರಾಕಿ ಎಂದುಕೊಂಡು ಕತ್ತರಿ ಕುರ್ಚಿ ಕೊಡವಿದಳು. ಬಂದವಳು ಅತ್ತಿಗೆ. ಒಳಗೆ ಕಾಲಿಡದೆ ಹೊಸ್ತಿಲಾಚೆಯೇ ನಿಂತಳು.

"ಆ ಮಾತ್ರೆ ನಾಲ್ಕು ಕೊಡು."

ಕತ್ತರಿಗೆ ತಾನು ಕೇಳಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಯಾಕೆ, ಚರಂಡಿ ಮತ್ತೆ ಹಸಿದಿದೆಯಾ?"

"ನಾಲಿಗೆ ಬಿಗಿಹಿಡಿ. ನನಗೆ ಬೇಕು."

ಅತ್ತಿಗೆಯ ಮುಖದಲ್ಲಿ ಬೇಡುವ ಕಳೆ ಎಳ್ಳಷ್ಟೂ ಇರಲಿಲ್ಲ. ಬಾಡಿಗೆ ವಸೂಲಿಗೆ ಬಂದವಳ ಹಾಗೆ ನಿಂತಿದ್ದಳು. ಮಾತು ಮಾತ್ರ ತುಂಡು ತುಂಡಾಗಿ ಬಂತು. ಹೋದ ವರ್ಷ ಗರ್ಭಕೋಶದ ತೊಂದರೆ ಎಂದು ಸೂಜಿ ಚುಚ್ಚಿಸಿಕೊಂಡದ್ದು ಗರ್ಭಕೋಶದ ತೊಂದರೆಯಾಗಿರಲಿಲ್ಲ. "ನಿಮ್ಮಣ್ಣ ಹೊರಗಿಂದ ತಂದು ಕೊಟ್ಟ ಗುಪ್ತರೋಗ ಅದು. ನಮ್ಮ ಬೀದಿ ಡಾಕ್ಟರು ನನಗೆ ಹೇಳಲೇ ಇಲ್ಲ, ನಿಮ್ಮಣ್ಣನಿಗೆ ಹೇಳಿದ್ದನ್ನ ನಾನು ಬಾಗಿಲ ಹಿಂದೆ ಕೇಳಿಸ್ಕೊಂಡೆ. ಹೊರಗೆ ಹೋಗೋದನ್ನ ಇನ್ನೂ ಬಿಟ್ಟಿಲ್ಲ ಅವರು. ಕಾಂಡೋಮ್ ಅಂದ್ರೆ ಕೈ ಎತ್ತಾರೆ. ನೀನೇನು ಕೆಟ್ಟವಳಾ ಅಂತ ಕೇಳ್ತಾರೆ. ನಾಳೆ ಇನ್ನೇನು ತರ್ತಾರೋ ಯಾರಿಗೆ ಗೊತ್ತು? ಕೊಡು."

ಕತ್ತರಿಯ ಎದೆಯಲ್ಲಿ ಮೊದಲು ಎದ್ದದ್ದು ಕನಿಕರವಲ್ಲ, ಕುಣಿಯುವಂಥ ಖುಷಿ. ಮಾನದ ಹರಾಜು ಎಂದು ಕೂಗಿದ್ದ ಅಣ್ಣ! ಮೂಗಿಗೆ ಸೆರಗು ಹಿಡಿದಿದ್ದ ಅತ್ತಿಗೆ! ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತಿದ್ದದ್ದು ಈ ಮನೆಯಲ್ಲೇ. ಖುಷಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸವಿದಳು. ಆಮೇಲೆ ಅದು ಕಹಿಯಾಯಿತು.

"ಕೊಡಲ್ಲ," ಎಂದಳು.

"ಗೊತ್ತಿತ್ತು ನನಗೆ. ಸೇಡು ತೀರಿಸ್ಕೋ."

"ಸೇಡಲ್ಲ ಅತ್ತಿಗೆ! ಸಾಲ ಕೊಡೋಕೆ ಇದೇನು ತಲೆನೋವಿನ ಮಾತ್ರೆನಾ? ಮೊದಲು ನಿಮಗೆ ಇದೆಯೋ ಇಲ್ವೋ ನೋಡ್ಬೇಕು. ಇದ್ದು ಇದನ್ನೇ ನುಂಗಿದ್ರೆ ಕಾಯಿಲೆ ಹೋಗಲ್ಲ, ವೈರಸ್ಸಿಗೆ ಔಷಧಿ ಪಳಗಿ ಹೋಗುತ್ತೆ, ಆಮೇಲೆ ನಿಜವಾದ ಚಿಕಿತ್ಸೆಗೂ ಬಗ್ಗಲ್ಲ. ಇಲ್ಲದಿದ್ರೆ ನಿಮ್ಮ ಹೆಸರಲ್ಲೇ ಕೊಡ್ತಾರೆ. ನಾಳೆ ಆಸ್ಪತ್ರೆಗೆ ಬನ್ನಿ."

"ನಿನ್ನ ಜೊತೆನಾ? ಜನ ನೋಡಿದ್ರೆ?"

"ನನ್ನ ಜೊತೆ ಬರೋಕೆ ನಾಚಿಕೆಯಾದ್ರೆ ಒಬ್ಬರೇ ಹೋಗಿ. ಹಜಾರದ ಕೊನೆ, ಎಡಗಡೆ. ಡಾಕ್ಟರು ನಿಮಗಿಂತ ಸಿಡುಕಿ, ಜೋಡಿ ಚೆನ್ನಾಗಿರುತ್ತೆ."

ಅತ್ತಿಗೆ ಬಂದಳು. ಬೇರೆ ಬಸ್ಸಿನಲ್ಲಿ ಬಂದಳು. ಹಜಾರದಲ್ಲಿ ಎರಡು ಬೆಂಚು ಬಿಟ್ಟು ಕೂತಳು. ರಕ್ತ ಕೊಟ್ಟು ಕಾಯುವಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದುದನ್ನು ಕತ್ತರಿ ಕಂಡಳು. ಎದ್ದು ಪಕ್ಕ ಕೂರಬೇಕೆನ್ನಿಸಿತು. ಬಕೆಟ್ಟು, ಲೋಟ, ಥೂ ಎಂಬ ಸದ್ದು ನೆನಪಾಗಿ ಕೂತಲ್ಲೇ ಕೂತಳು. ಕೊನೆಗೆ ಎದ್ದು ಹೋಗಿ ಒಂದು ಬಾಟಲಿ ನೀರು ತಂದು ಅತ್ತಿಗೆಯ ಬೆಂಚಿನ ಮೇಲೆ ಕುಕ್ಕಿ, ವಾಪಸ್ಸು ಬಂದಳು. ಅತ್ತಿಗೆ ಬಾಟಲಿಯ ಬಾಯಿ ಒರೆಸಿ ಕುಡಿದಳು.

ಇಲ್ಲ ಎಂದು ಬಂತು. ಡಾಕ್ಟರಮ್ಮ ಅದನ್ನು ಹೇಳಿದ ಮೇಲೂ ಅತ್ತಿಗೆ ಎದ್ದೇಳಲಿಲ್ಲ.

"ಗಂಡನನ್ನ ಕರ್ಕೊಂಡು ಬನ್ನಿ. ಅವರ ಪರೀಕ್ಷೆ ಆಗ್ಬೇಕು."

"ಬರಲ್ಲ. ಗೊತ್ತಾದ್ರೆ ನನ್ನನ್ನ ಕೊಲ್ತಾರೆ."

ಡಾಕ್ಟರಮ್ಮ ಮೊದಲ ಬಾರಿ ತಲೆಯೆತ್ತಿ ಅವಳನ್ನು ನೇರ ನೋಡಿದಳು. ಹೊಡೆತ ಬಡಿತ ಇದ್ದರೆ ಯಾರ ಹತ್ತಿರ ಹೋಗಬೇಕೆಂದು ಹೇಳಿದಳು. ಹತ್ತಿರದಲ್ಲಿ ಏನಾದರೂ ಭಯಪಡುವಂಥದ್ದು ಆಗಿದೆಯೇ ಎಂದು ವಿಚಾರಿಸಿದಳು. ಆಗಿದ್ದಾಗ ಮೂರು ದಿನದೊಳಗೆ ಬಂದರೆ ಅದಕ್ಕೂ ಬೇರೆ ಔಷಧಿ ಇದೆ, ಎಷ್ಟು ಬೇಗ ಬಂದರೆ ಅಷ್ಟು ಒಳ್ಳೆಯದು ಎಂದಳು. ಕೆಲವು ವಾರ ಬಿಟ್ಟು ಪರೀಕ್ಷೆ ಇನ್ನೊಮ್ಮೆ ಆಗಲೇಬೇಕು ಎಂದೂ ಹೇಳಿ, ಮತ್ತೆ ಮುಖಕ್ಕೆ ಹರಳೆಣ್ಣೆ ಹಚ್ಚಿಕೊಂಡು, "ದಿನಕ್ಕೊಂದು. ತಪ್ಪಿಸೋ ಹಾಗಿಲ್ಲ," ಎಂದು ಶುರು ಮಾಡಿದಳು. ಆ ಹೊತ್ತಿಗೆ ಆಸ್ಪತ್ರೆಗೆ ಮಾತ್ರೆ ಬಂದಿತ್ತು. ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುವ ಗಂಡಾಂತರ ಅತ್ತಿಗೆಗೆ ತಪ್ಪಿತು.

ಹೊರಗೆ ಬಂದ ಮೇಲೆ ಅತ್ತಿಗೆ ಹೇಳಿದಳು: "ಮನೇಲಿ ನಾನು ಮುಂಚಿನ ಹಾಗೇ ಇರ್ತೀನಿ. ಬಯ್ತೀನಿ. ಇಲ್ಲದಿದ್ರೆ ಅವರಿಗೆ ಅನುಮಾನ ಬರುತ್ತೆ."

"ಮುಂಚಿನ ಹಾಗೆ ಇರೋಕೆ ನಿಮಗೇನು ಕಷ್ಟ ಅಲ್ಲ ಬಿಡಿ."

ಆ ಮಾತನ್ನು ಅತ್ತಿಗೆ ಚಾಚೂ ತಪ್ಪದೆ ನಡೆಸಿದಳು. ಅಣ್ಣ ಊರಿನಿಂದ ಬಂದವನೇ, ಗಿರಾಕಿಗಳು ಮೆಟ್ಟಿಲು ಹತ್ತುವುದನ್ನು ಕಂಡು ಕೆಂಡವಾದ. ಮೆಡಿಕಲ್ ಶಾಪಿನವನನ್ನೂ ಜೊತೆಗೆ ಕರೆದುಕೊಂಡು ಅಂಗಳದಲ್ಲಿ ನಿಂತು, ಮೇಲೆ ಕೂದಲು ಕತ್ತರಿಸಿಕೊಳ್ಳುತ್ತಿದ್ದ ಹೆಂಗಸಿಗೆ ಕೇಳುವಂತೆ ಕೂಗಾಡಿದ. "ರೋಗದವನ ಜೊತೆ ಮಲಗೋಳ ಕೈಯಲ್ಲಿ ತಲೆ ಕೊಡ್ತೀರಲ್ಲ, ನಾಚಿಕೆ ಆಗಲ್ವಾ?"

ಕತ್ತರಿ ಕೆಳಗಿಳಿದಳು. ಅತ್ತಿಗೆ ಗಂಡನ ಪಕ್ಕದಲ್ಲಿ ನಿಂತು, ಅವನಿಗಿಂತ ಜಾಸ್ತಿ ಗಂಟಲು ಏರಿಸಿ, "ಮನೆ ಅಂತ ತಿಳ್ಕೊಂಡಿದೀಯೋ, ಛತ್ರ ಅಂತ ತಿಳ್ಕೊಂಡಿದೀಯೋ?" ಎಂದಳು. ಕೂಗುವಾಗಲೂ ಅವಳ ಕಣ್ಣು ಕತ್ತರಿಯ ಬಾಯಿಯ ಮೇಲೇ ಇತ್ತು.

ಒಂದು ವಾಕ್ಯ ಸಾಕಿತ್ತು. ಅಣ್ಣ, ಅತ್ತಿಗೆ, ಇಸ್ಪೀಟಿನ ಗೆಳೆಯ ಮೂವರ ಬಾಯಿಯೂ ಒಟ್ಟಿಗೆ ಮುಚ್ಚುತ್ತಿತ್ತು. ವಾಕ್ಯ ಹಲ್ಲಿನ ತನಕ ಬಂದಿತ್ತು. ಕತ್ತರಿ ಅದನ್ನು ಕಚ್ಚಿ ಹಿಡಿದಳು.

"ಕೋಣೆ ನನ್ನದು, ಮೆಟ್ಟಿಲ ಮೇಲೂ ನನಗೆ ಹಕ್ಕಿದೆ. ಕೂಗೋದಿದ್ರೆ ಪೊಲೀಸರ ಮುಂದೆ ಕೂಗು, ನಾನೂ ಬರ್ತೀನಿ," ಎಂದಷ್ಟೇ ಹೇಳಿ ಮೆಡಿಕಲ್ ಶಾಪಿನವನ ಕಡೆ ತಿರುಗಿದಳು. "ನನ್ನ ಚೀಟೀಲಿ ಇದ್ದದ್ದನ್ನ ಬೀದಿಗೆಲ್ಲ ಓದಿ ಹೇಳಿದ್ರಲ್ಲ, ಅದರ ಮೇಲೂ ದೂರು ಕೊಡ್ತೀನಿ. ಲೈಸೆನ್ಸು ಗೋಡೆ ಮೇಲೆ ತೂಗ್ತಿದೆಯಲ್ಲ, ಚೆನ್ನಾಗಿ ಒರೆಸಿಡಿ, ಕೇಳ್ಕೊಂಡು ಬರ್ತಾರೆ."

ಮೊದಲು ಜಾಗ ಬಿಟ್ಟವನು ಅವನೇ. ದೂರನ್ನು ಅವಳು ನಿಜವಾಗಿಯೂ ಕೊಟ್ಟಳು. ಅದರಿಂದ ಅಂಗಡಿಯೇನೂ ಮುಚ್ಚಲಿಲ್ಲ. ಆದರೆ ಬಂದವರು ವಿಚಾರಣೆ ಮಾಡಿಹೋದ ಮೇಲೆ ಅವನ ಗಂಟಲು ಇಳಿಯಿತು, ಚೀಟಿಗಳನ್ನು ಮನಸ್ಸಿನಲ್ಲೇ ಓದುವುದನ್ನು ಕಲಿತ.

ಮಾರನೆಯ ದಿನ ಅತ್ತಿಗೆ ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಬಂದಳು. "ಯಾಕೆ ಹೇಳಲಿಲ್ಲ?"

"ನಿಮ್ಮ ಮೇಲಿನ ಪ್ರೀತಿಗಲ್ಲ. ಅವನ ಕೈಗೆ ಎಸೆಯೋಕೆ ಇನ್ನೊಂದು ಡಬ್ಬಿ ಕೊಡಲ್ಲ ನಾನು, ಅಷ್ಟೇ."

ಅತ್ತಿಗೆ ಒದ್ದೆ ಬಟ್ಟೆಯನ್ನು ಎರಡೆರಡು ಸಲ ಕೊಡವಿದಳು. ಥ್ಯಾಂಕ್ಸ್ ಎನ್ನಲಿಲ್ಲ. ಕತ್ತರಿ ನಿರೀಕ್ಷಿಸಿಯೂ ಇರಲಿಲ್ಲ.

ತಿಂಗಳುಗಳು ಉರುಳಿದವು. ಮೆಕ್ಯಾನಿಕ್ಕಿನ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಅಡಗಿತು. ಇದು ಹೀಗೇ ಇನ್ನಷ್ಟು ಕಾಲ ನಿಂತರೆ ನಿಮ್ಮ ಮಾತ್ರೆ ನಿಲ್ಲಿಸುವ ಬಗ್ಗೆ ಯೋಚಿಸೋಣ, ನೀವಾಗಿ ನಿಲ್ಲಿಸಿದರೆ ಮಾತ್ರ ನನ್ನ ಕೋಣೆಗೆ ಕಾಲಿಡಬೇಡಿ ಎಂದಳು ಡಾಕ್ಟರಮ್ಮ. ಇಬ್ಬರೂ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಗಂಡಹೆಂಡತಿಯಾದರು. ಅವನು ತನ್ನ ಉಪಕರಣದ ಪೆಟ್ಟಿಗೆ ಹೊತ್ತು ಮಹಡಿ ಕೋಣೆಗೆ ಬಂದ. ಅಣ್ಣ ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟ. ಅದೊಂದು ಉಪಕಾರ ಎಂದು ಕತ್ತರಿ ಎಣಿಸಿದಳು.

ಮೆಕ್ಯಾನಿಕ್ಕು ಆ ಮನೆಯ ಅಂಗಳ ದಾಟುವಾಗಲೆಲ್ಲ ತಲೆ ತಗ್ಗಿಸಿ, ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದ. ಕೆಳಗಿನವರು ಯಾರೂ ಅವನನ್ನು ನೋಡುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬಂದವನು ಅರ್ಧ ಮೆಟ್ಟಿಲು ಹತ್ತಿದ್ದ. ಕೆಳಗಿನಿಂದ ಅತ್ತಿಗೆಯ ದನಿ ಸಿಡಿಯಿತು.

"ಏನ್ರೀ! ನಿಮಗೆ ಹೇಳೋದು. ಈಗ ತಾನೇ ಒರೆಸಿದೀನಿ ಮೆಟ್ಟಿಲನ್ನ. ಆ ಗ್ರೀಸ್ ಶೂ ಕೆಳಗೆ ಬಿಟ್ಟು ಹತ್ತೋಕೆ ಏನು ರೋಗ ನಿಮಗೆ?"

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ತುಟಿ ಕಚ್ಚಿಕೊಂಡಳು. ಅವನು ಮೆಟ್ಟಿಲ ಮೇಲೆ ಕಲ್ಲಾಗಿ ನಿಂತ. ಮೇಲಿನಿಂದ ಕತ್ತರಿ ತಲೆ ಹೊರಹಾಕಿ, "ಗ್ರೀಸಿನ ರೋಗ ಅತ್ತಿಗೆ! ಅದಕ್ಕೆ ಇನ್ನೂ ಮಾತ್ರೆ ಬಂದಿಲ್ಲ!" ಎಂದು ಕೂಗಿದಳು.

"ಹಾಗಿದ್ರೆ ನೀನೇ ಬಂದು ಒರೆಸು!" ಎಂದು ಅತ್ತಿಗೆ ಒರೆಸುವ ಬಟ್ಟೆಯನ್ನು ಮೆಟ್ಟಿಲ ಮೇಲೆ ಎಸೆದು ಒಳಗೆ ಹೋದಳು.

ಅವನು ಬಗ್ಗಿ ಶೂ ಬಿಚ್ಚತೊಡಗಿದ. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವನಿಗೆ ಯಾರೋ ಬಯ್ದಿದ್ದರು.